ಕಾಡುಮೊಲದ ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು, ನಾಯಿ ಬೇರೆ ಬಾಯಿ ಹಾಕಿದೆ

ಟೂಸಾನ್ ಕನ್ನಡಿಗ:
ಅರಿಜೋನಾದಲ್ಲಿದ್ದೇನೆ. ಮನೆ ಹಿಂದೆಯೇ ಮರುಭೂಮಿ, ಉದ್ದ ಕಿವಿಯ ಜ್ಯಾಕ್‌ರ್ಯಾಬಿಟ್ ಮೊಲಗಳು ದಿನಾ ಓಡಾಡುತ್ತವೆ. ಅದರಲ್ಲೊಂದು ವಾರದಿಂದ ಕುಂಟುತ್ತಿತ್ತು, ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಜೋತಾಡುತ್ತಿತ್ತು. ಇವತ್ತು ಬೆಳಗ್ಗೆ ನೋಡಿದರೆ ಕಯೋಟಿ (ಇಲ್ಲಿನ ತೋಳದಂಥ ಕಾಡುಪ್ರಾಣಿ) ಅರ್ಧ ತಿಂದು ಬಿಟ್ಟ ಹೆಣ. ಗಂಟು ಒಡೆದು ತಿಳಿನೀರು ಹರಿದಿತ್ತು, ಒಳಗಿನ ತೆಳು ಪೊರೆಗೆ ಅಕ್ಕಿ ನುಚ್ಚಿನಂಥ ಬಿಳಿ ಕಾಳುಗಳು ಸಾಲಾಗಿ ಅಂಟಿಕೊಂಡಿದ್ದವು. ನಾನು ಎಳೆಯುವಷ್ಟರಲ್ಲಿ ನಮ್ಮ ನಾಯಿ ಒಂದು ತುತ್ತು ನುಂಗಿಯೇ ಬಿಟ್ಟಿತು. ಇದು ಕ್ಯಾನ್ಸರಾ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ತುಂಬಾ ಭಯ ಆಗುತ್ತಿದೆ.

ಪಶುವೈದ್ಯೆ:
ಕ್ಯಾನ್ಸರ್ ಅನಿಸುತ್ತಿಲ್ಲ. ಕಾಳು ಸಾಲಾಗಿತ್ತು ಅಂದಿರಲ್ಲ, ಅದೇ ಗುರುತು. ಟೀನಿಯಾ ಸೀರಿಯಾಲಿಸ್ ಅನ್ನುವ ಲಾಡಿಹುಳುವಿನ ಮರಿಚೀಲ ಹಾಗೇ ಇರುತ್ತದೆ. ಒಂದೊಂದು ಕಾಳೂ ಮುಂದೆ ಹುಳುವಾಗುವ ಒಂದೊಂದು ತಲೆ. ಬೆಳೆದ ಹುಳು ಇರುವುದು ಕಯೋಟಿ, ನರಿ, ನಾಯಿಗಳ ಕರುಳಲ್ಲಿ. ಅವುಗಳ ಮಲದಲ್ಲಿ ಮೊಟ್ಟೆ ಬೀಳುತ್ತದೆ, ಮೊಲ ಅದನ್ನು ಹುಲ್ಲಿನ ಜೊತೆ ತಿನ್ನುತ್ತದೆ, ಮರಿ ಕರುಳು ಕೊರೆದು ರಕ್ತದಲ್ಲಿ ಸಾಗಿ ಚರ್ಮದಡಿ, ಮಾಂಸದ ನಡುವೆ ಚೀಲ ಕಟ್ಟಿಕೊಳ್ಳುತ್ತದೆ. ಸಣ್ಣದಿದ್ದರೆ ಮೊಲ ಆರಾಮಾಗಿ ಬದುಕುತ್ತದೆ. ದೊಡ್ಡದಾದರೆ ಓಟ ಕೆಡುತ್ತದೆ, ಕಣ್ಣಿನ ಹಿಂದೆ ಬೆಳೆದರೆ ಗುಡ್ಡೆಯೇ ಆಚೆ ತಳ್ಳಿಬರುತ್ತದೆ. ಪಾಪ, ಓಡಲಾಗದ ಮೊಲ ಕಯೋಟಿ ಬಾಯಿಗೆ ಬೀಳುತ್ತದೆ, ಹುಳುವಿಗೆ ಬೇಕಾದದ್ದೂ ಅದೇ.

ನಾಯಿಯನ್ನು ಈ ವಾರವೇ ಡಾಕ್ಟರಿಗೆ ತೋರಿಸಿ, ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಔಷಧಿ ಕೇಳಿ. ತಿಂಗಳಿಗೊಮ್ಮೆ ಕೊಡುವ ಹಾರ್ಟ್‌ವರ್ಮ್ (ಹೃದಯದ ಹುಳು) ಮಾತ್ರೆಗಳಲ್ಲಿ ಎಷ್ಟೋ ಸಲ ಈ ಔಷಧಿ ಇರುವುದೇ ಇಲ್ಲ, ಕೊಡುತ್ತಿದ್ದೇವಲ್ಲ ಅಂತ ಸುಮ್ನೆ ಇರಬೇಡಿ. ಮಗಳಿಗೆ ಮೊಲದ ಗಂಟಿನಿಂದ ಇದು ಬರುವುದಿಲ್ಲ. ನಾಯಿ ಮಲದಲ್ಲಿನ ಮೊಟ್ಟೆ ಬಾಯಿಗೆ ಹೋದರೆ ಮಾತ್ರ ಬರಬಹುದು. ತೀರಾ ಅಪರೂಪ, ಆದರೆ ಕಣ್ಣು, ಮಿದುಳಿಗೆ ಹತ್ತಿದರೆ ಕಷ್ಟ. ನುಂಗಿದ ಮರಿ ಬೆಳೆದು ಮೊಟ್ಟೆ ಬಿಡಲು ಕೆಲವು ವಾರ ಬೇಕು, ಹಾಗಾಗಿ ನಿಮಗೆ ಸಮಯ ಇದೆ.

ಬೇಲಿಯಾಚೆ:
ನಾನು ನ್ಯೂ ಮೆಕ್ಸಿಕೋದಲ್ಲಿದ್ದೇನೆ. ಗಂಟಿನ ಮೇಲೆ ತೂತಿತ್ತಾ? ತೂತಿದ್ದರೆ ಬಾಟ್ ನೊಣದ ಮರಿಯೂ ಇರಬಹುದು, ಅದು ಉಸಿರಾಡಲು ಚರ್ಮದಲ್ಲಿ ಕಿಂಡಿ ಮಾಡಿಕೊಳ್ಳುತ್ತದೆ. ಹೆಣವನ್ನು ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಮೊಲಗಳಿಂದ ಟುಲರೀಮಿಯಾ ಅನ್ನುವ ಬ್ಯಾಕ್ಟೀರಿಯಾ ಜ್ವರ ಮನುಷ್ಯರಿಗೆ ನೇರವಾಗಿ ಹತ್ತುತ್ತದೆ, ನನಗೆ ಲಾಡಿಹುಳಕ್ಕಿಂತ ಅದರ ಭಯವೇ ಜಾಸ್ತಿ. ಗಾಯವಿಲ್ಲದೆ ಸತ್ತ ಮೊಲಗಳು ಒಂದರ ಹಿಂದೊಂದು ಸಿಕ್ಕರೆ ವನ್ಯಜೀವಿ ಇಲಾಖೆಗೆ ತಿಳಿಸಿ. 2020ರಲ್ಲಿ ಈ ಕಡೆಯ ಕಾಡುಮೊಲಗಳಿಗೆ ರಕ್ತಸ್ರಾವದ ವೈರಸ್ ಬಂದಿತ್ತು.

ಟೂಸಾನ್ ಕನ್ನಡಿಗ:
ತೂತು ಇರಲಿಲ್ಲ. ಗ್ಲೌಸ್ ಹಾಕಿಕೊಂಡೇ ಹೆಣ ಹೂತೆ. ನಾಳೆ ಹತ್ತಕ್ಕೆ ನಾಯಿಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ಅಲ್ಲಿಯವರೆಗೆ ಮಗಳ ಮುಖ ನೆಕ್ಕಲು ಬಿಡುತ್ತಿಲ್ಲ.