ಕ್ರೆಡಿಟ್ ಇಲ್ಲದ ಕೋರ್ಸಿಗೆ ಫೈಲು ಹೇಗೆ ಮಾಡುವುದು? – ಪ್ರಶ್ನೋತ್ತರ

ಪ್ರಶ್ನೆ (ಸಸ್ಯಶಾಸ್ತ್ರ ಉಪನ್ಯಾಸಕಿ, ಉಡುಪಿ): ನಮಸ್ಕಾರ ಸರ್. ನಮ್ಮದು ಮಂಗಳೂರು ವಿವಿಯ ಸಂಯೋಜಿತ ಕಾಲೇಜು. ನಮ್ಮ ವಿದ್ಯಾರ್ಥಿಗಳನ್ನೂ ಊರಿನ ಕೃಷಿಕರನ್ನೂ ಸೇರಿಸಿಕೊಂಡು ಕಸಿ ಕಟ್ಟುವುದರ ಬಗ್ಗೆ 30 ಗಂಟೆಯ ಸರ್ಟಿಫಿಕೇಟ್ ಕೋರ್ಸು ಮಾಡಬೇಕು ಅಂತ ಉಂಟು. ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಅಂಕ ಇಲ್ಲದ ಕೋರ್ಸಿಗೆ ಪ್ರಾಂಶುಪಾಲರ ಒಪ್ಪಿಗೆ ಸಾಕು ಅಂತ ಕೆಲವರು ಹೇಳ್ತಾರೆ, ವಿವಿಗೆ ಕಳಿಸದೆ ಆಗುವುದಿಲ್ಲ ಅಂತ ಇನ್ನು ಕೆಲವರು. ಯಾವುದು ಸರಿ?

ಉತ್ತರ (ಶೈಕ್ಷಣಿಕ ವಿಭಾಗ, ನಿವೃತ್ತ ಉಪಕುಲಸಚಿವರು): ಮೇಡಂ, ಸರ್ಟಿಫಿಕೇಟಿನ ಮೇಲೆ ಯಾರ ಮೊಹರು ಬೀಳುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ದಾರಿ ಅದರಿಂದಲೇ ಗೊತ್ತಾಗುತ್ತದೆ.

ಕಾಲೇಜಿನ ಹೆಸರಲ್ಲಿ ಕೊಡುವುದಾದರೆ ವಿಭಾಗದ ಸಭೆಯ ನಡಾವಳಿ, ಐಕ್ಯೂಎಸಿಯ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶ) ಶಿಫಾರಸು, ಪ್ರಾಂಶುಪಾಲರ ಮತ್ತು ಆಡಳಿತ ಮಂಡಳಿಯ ಒಪ್ಪಿಗೆ ಇಟ್ಟುಕೊಳ್ಳಿ. ಆದರೆ ಆಗ ವಿವಿಯ ಲಾಂಛನವನ್ನು ಸರ್ಟಿಫಿಕೇಟಿನಲ್ಲಾಗಲಿ ಕರಪತ್ರದಲ್ಲಾಗಲಿ ಹಾಕುವ ಹಾಗಿಲ್ಲ. ವಿವಿಯ ಹೆಸರೇ ಬೇಕೆಂದಾದರೆ ಪಠ್ಯಕ್ರಮ ಅಧ್ಯಯನ ಮಂಡಳಿ, ಅಂದರೆ ಬಿಒಎಸ್‌ನಿಂದ ಹೊರಟು ನಿಕಾಯ (ಫ್ಯಾಕಲ್ಟಿ) ದಾಟಿ ಶೈಕ್ಷಣಿಕ ಮಂಡಳಿಗೆ ಹೋಗಬೇಕು. ಶುಲ್ಕ, ಸಂಭಾವನೆಯ ವಿಷಯ ಹಣಕಾಸು ಅಧಿಕಾರಿಯ ಅಭಿಪ್ರಾಯದೊಂದಿಗೆ ವಿವಿಯ ಕಾರ್ಯಕಾರಿ ಮಂಡಳಿಯಾದ ಸಿಂಡಿಕೇಟಿಗೆ ಹೋಗುತ್ತದೆ. ಸ್ವಾಯತ್ತ ಕಾಲೇಜಾದರೆ ಯುಜಿಸಿ ನಿಯಮದಲ್ಲೇ ಸಡಿಲಿಕೆ ಉಂಟು: ವಿವಿಯ ಪೂರ್ವಾನುಮತಿ ಇಲ್ಲದೆ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸು ತೆರೆಯಬಹುದು, ಕಾಲೇಜಿನ ಮೊಹರಿನಲ್ಲಿ ಪತ್ರ ಕೊಡಬಹುದು. ಮಣಿಪಾಲ, ದೇರಳಕಟ್ಟೆ ಕಡೆಯ ಡೀಮ್ಡ್ ವಿವಿಗಳಿಗೆ ತಮ್ಮದೇ ಮಂಡಳಿಗಳಿವೆ, ಅವುಗಳ ಫೈಲು ಕೊಣಾಜೆಯ ನಮ್ಮ ವಿವಿ ಕಚೇರಿಗೆ ಬರುವುದೇ ಇಲ್ಲ.

ಈ ಮಂಡಳಿಗಳು ಸೇರುವುದು ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ. ಒಂದು ಸಭೆ ತಪ್ಪಿದರೆ ಆ ಮಳೆಗಾಲವೇ ತಪ್ಪಿತು. ತುರ್ತಿದ್ದರೆ ಕುಲಪತಿಗಳ ಒಪ್ಪಿಗೆ ಪಡೆದು ಮುಂದಿನ ಸಭೆಯಲ್ಲಿ ದೃಢೀಕರಿಸುವ ಪದ್ಧತಿ ಉಂಟು. ಅದು ನಿಜವಾದ ತುರ್ತಿಗೆ ಮಾತ್ರ, ಕರಪತ್ರ ಅಚ್ಚಾಗಿಬಿಟ್ಟಿದೆ ಎನ್ನುವುದು ತುರ್ತಲ್ಲ. ಅನುಮೋದನೆಯ ಪತ್ರ ಕೈಗೆ ಬರುವ ಮೊದಲು ಒಬ್ಬರಿಂದಲೂ ಶುಲ್ಕ ತೆಗೆದುಕೊಳ್ಳಬೇಡಿ.

ಪ್ರಶ್ನೆ (ಅದೇ ಉಪನ್ಯಾಸಕಿ): ಫೈಲಿನಲ್ಲಿ ಎಂತೆಂತ ಇರಬೇಕು ಸರ್? ನಮ್ಮ ಮೊದಲ ಕರಡು ‘ಪರಿಷ್ಕರಿಸಿ ಸಲ್ಲಿಸಿ’ ಅಂತ ವಾಪಸು ಬಂತು, ಕಾರಣ ಬರೆದಿಲ್ಲ. ಉದ್ದೇಶ ಅಂತ ‘ಕಸಿ ತಂತ್ರದ ಬಗ್ಗೆ ಅರಿವು ಮೂಡಿಸುವುದು’ ಎಂದು ಹಾಕಿದ್ದೆವು. ಐದು ದಿನ, ದಿನಕ್ಕೆ ಆರು ಗಂಟೆ, ಕೊನೆಗೆ ಒಂದು ಬಹು ಆಯ್ಕೆ ಪರೀಕ್ಷೆ.

ಉತ್ತರ: ವಾಪಸು ಬಂದದ್ದಕ್ಕೆ ಕಾರಣ ಆ ಎರಡು ಸಾಲಿನಲ್ಲೇ ಕಾಣುತ್ತದೆ. ಅರಿವು ಮೂಡಿತೋ ಇಲ್ಲವೋ ಅಂತ ಅಳೆಯುವುದು ಯಾರು? ಕಲಿತವರು ಕೊನೆಗೆ ಏನು ಮಾಡಿ ತೋರಿಸುತ್ತಾರೆ ಎಂದು ಬರೆಯಿರಿ. ‘ಗೇರಿನ 20 ಸಸಿಗಳಿಗೆ ಮೆದುಕಾಂಡ ಕಸಿ ಕಟ್ಟುವುದು, ಸರಿಯಾದ ಕಸಿಕಡ್ಡಿಯನ್ನು ಆರಿಸುವುದು, ವಿಫಲವಾದ ಕಸಿಯ ಕಾರಣ ಗುರುತಿಸುವುದು.’ ಇಂಥ ಮೂರು ನಾಲ್ಕು ಸಾಕು.

ಇನ್ನು ಐದು ದಿನದ ಲೆಕ್ಕ. ಇದು ಕಾಗದದ ತಪ್ಪಲ್ಲ, ಕೋರ್ಸಿನ ಹೊಟ್ಟೆಯಲ್ಲೇ ಇರುವ ತಪ್ಪು. ಗೇರಿನ ಕಸಿಗೆ ಬೇರುಸಸಿ, ಅಂದರೆ ಬುಡವಾಗುವ ಸಸಿ, 45ರಿಂದ 60 ದಿನದ್ದಾಗಿರಬೇಕು. ಕಸಿಕಡ್ಡಿಯ, ಅಂದರೆ ತಾಯಿಗಿಡದಿಂದ ತೆಗೆದು ಜೋಡಿಸುವ ಕಡ್ಡಿಯ, ಎಲೆಗಳನ್ನು 7ರಿಂದ 10 ದಿನ ಮೊದಲೇ ತೊಟ್ಟು ಉಳಿಸಿ ಕತ್ತರಿಸಿಟ್ಟರೆ ಮೊಗ್ಗು ಉಬ್ಬಿ ತಯಾರಾಗುತ್ತದೆ. ಕಟ್ಟಿದ ಮೇಲೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ ತೇವ ಕಾಯಬೇಕು, ಚಿಗುರು ಬರಲು ಮೂರು ನಾಲ್ಕು ವಾರ ಬೇಕು. ಸೋಮವಾರ ಶುರು ಮಾಡಿ ಶುಕ್ರವಾರ ಸರ್ಟಿಫಿಕೇಟು ಕೊಟ್ಟರೆ ತನ್ನ ಗಿಡ ಬದುಕಿತೋ ಸತ್ತಿತೋ ನೋಡದೆಯೇ ವಿದ್ಯಾರ್ಥಿ ಮನೆಗೆ ಹೋಗುತ್ತಾನೆ. ವಿಷಯ ಬಲ್ಲ ಸದಸ್ಯರೊಬ್ಬರು ಬಿಒಎಸ್‌ನಲ್ಲಿ ಇದ್ದರೆ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು.

ಹತ್ತು ಶನಿವಾರ, ಮೂರು ಮೂರು ಗಂಟೆ ಮಾಡಿ. ಮೊದಲನೆಯ ವಾರ ಪಾಠ ಮತ್ತು ತಾಯಿಗಿಡ ಆಯ್ಕೆ, ಎರಡನೆಯ ವಾರ ಎಲೆ ಕತ್ತರಿಸುವುದು, ಮೂರು ಮತ್ತು ನಾಲ್ಕನೆಯ ವಾರ ಕಟ್ಟುವುದು. ನಾಲ್ಕನೆಯ ವಾರದ ಕಡ್ಡಿಗೆ ಮೂರನೆಯ ವಾರ ಮತ್ತೊಮ್ಮೆ ಎಲೆ ಕತ್ತರಿಸಿರಬೇಕು, ಅದು ಮರೆತುಹೋಗುವುದೇ ಹೆಚ್ಚು. ಐದರಿಂದ ಏಳರವರೆಗೆ ನರ್ಸರಿ ನಿರ್ವಹಣೆ, ರೋಗ, ಲೆಕ್ಕಪತ್ರ. ಎಂಟು, ಒಂಬತ್ತಕ್ಕೆ ಚಿಗುರು ಎಣಿಸಿ ಪರಿಶೀಲನೆ. ಹತ್ತಕ್ಕೆ ಪ್ರಾಯೋಗಿಕ ಪರೀಕ್ಷೆ. ಬಹು ಆಯ್ಕೆ ಪ್ರಶ್ನೆಗಳಿಂದ ಕೈಯ ಕೆಲಸ ಗೊತ್ತಾಗುವುದಿಲ್ಲ. ಸಂಪನ್ಮೂಲ ವ್ಯಕ್ತಿಗಳಿಗೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವನ್ನು ಕೇಳಿ ನೋಡಿ.

ಜೂನ್, ಜುಲೈಯ ತೇವ ಕಸಿಗೆ ಒಳ್ಳೆಯದು. ಆದರೆ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಆ ಶನಿವಾರ ಹೋಯಿತು. ಅದಕ್ಕೆ ಎರಡು ಬದಲಿ ದಿನಗಳನ್ನು ವೇಳಾಪಟ್ಟಿಯಲ್ಲೇ ಬರೆದಿಡಿ.

ಫೈಲಿನಲ್ಲಿ ಉಳಿದದ್ದು: ಯಾರಿಗಾಗಿ ಮತ್ತು ಏಕೆ ಎಂಬ ಒಂದು ಪುಟ, ಪ್ರವೇಶ ಅರ್ಹತೆ, ಗಂಟೆವಾರು ಪಠ್ಯಕ್ರಮ, ಕಲಿಸುವವರ ವಿವರ, ಕನಿಷ್ಠ ಮತ್ತು ಗರಿಷ್ಠ ಸಂಖ್ಯೆ, ಹಾಜರಾತಿ ನಿಯಮ, ಸರ್ಟಿಫಿಕೇಟಿನ ಮಾದರಿ, ಬಜೆಟ್. ಹಾಜರಾತಿಯನ್ನು ಶೇ. 75 ಎಂದಷ್ಟೇ ಬರೆದು ಬಿಡಬೇಡಿ. 30 ಗಂಟೆಗೆ ಅದು ಇಪ್ಪತ್ತೆರಡೂವರೆ. ಏಳು ತರಗತಿ ಬಂದವರದ್ದು 21 ಗಂಟೆ, ಸಾಲುವುದಿಲ್ಲ. ‘ಹತ್ತರಲ್ಲಿ ಕನಿಷ್ಠ ಎಂಟು ತರಗತಿ’ ಎಂದು ಬರೆದರೆ ಕೊನೆಯಲ್ಲಿ ವಾದ ಬರುವುದಿಲ್ಲ.

ಪ್ರಶ್ನೆ (ವಾಣಿಜ್ಯ ವಿಭಾಗ, ಮಂಗಳೂರು): ಶುಲ್ಕ ನಿಗದಿ ಮಾಡುವುದು ಹೇಗೆ? ಹೊರಗಿನವರಿಗೆ ಜಿಎಸ್‌ಟಿ ಬೀಳುತ್ತದಾ?

ಉತ್ತರ (ಲೆಕ್ಕಪತ್ರ ವಿಭಾಗ): ಮೇಲಿನ ಕಸಿ ಕೋರ್ಸನ್ನೇ ಉದಾಹರಣೆಗೆ ಇಟ್ಟುಕೊಳ್ಳುವ. ದರಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ, ನಿಮ್ಮಲ್ಲಿ ಬೇರೆ ಇರಬಹುದು. ಅತಿಥಿಗಳಿಗೆ 12 ಗಂಟೆ, ಗಂಟೆಗೆ 800, ಅಂದರೆ 9,600 ರೂಪಾಯಿ. ಒಳಗಿನವರಿಗೆ 18 ಗಂಟೆ, ಗಂಟೆಗೆ 500, ಅಂದರೆ 9,000. ಒಟ್ಟು 18,600. ಎಷ್ಟೇ ಜನ ಬಂದರೂ ಇದು ಬದಲಾಗದು. ಇನ್ನು ತಲೆಗೆ 20 ಸಸಿಗೆ 200, ಕಸಿ ಚಾಕುವಿಗೆ 150, ಪಟ್ಟಿ ಟೊಪ್ಪಿಗಳಿಗೆ 50, ಅಚ್ಚು ಮತ್ತು ಚಹಾಕ್ಕೆ 100, ಒಟ್ಟು 500.

ಸಂಸ್ಥೆಯ ಪಾಲು ಶುಲ್ಕದ ಶೇ. 20 ಎಂದುಕೊಳ್ಳಿ. 30 ಜನ ಬರ್ತಾರೆ ಅಂತ ಹಿಡಿದರೆ ಶುಲ್ಕ 1,400 ಆಗುತ್ತದೆ. ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಬಂದವರು 20 ಜನ ಅಂತಾದರೆ ಖರ್ಚು 28,600, ಪಾಲು ಕಳೆದು ಕೈಗೆ ಬರುವುದು 22,400. 6,200 ರೂಪಾಯಿ ಖೋತಾ. ಅದನ್ನು ಸರಿದೂಗಿಸಲು ಸಸಿ ಕಡಿಮೆ ಮಾಡ್ತಾರೆ, ಕೋರ್ಸು ಅಲ್ಲಿಗೆ ಸತ್ತಿತು. ಶುಲ್ಕವನ್ನು ಗರಿಷ್ಠ ಸಂಖ್ಯೆಗೆ ಅಲ್ಲ, ಕನಿಷ್ಠ ಸಂಖ್ಯೆಗೆ ಲೆಕ್ಕ ಹಾಕಿ. 20 ಜನಕ್ಕೆ 1,800 ಇಟ್ಟರೆ 28,800 ಉಳಿಯುತ್ತದೆ, ಖರ್ಚಿಗೆ ಸಾಕು. ಕನಿಷ್ಠ ಸಂಖ್ಯೆ ತುಂಬದಿದ್ದರೆ ಕೋರ್ಸು ರದ್ದು, ಪೂರ್ತಿ ಹಣ ವಾಪಸು ಎಂಬ ಸಾಲು ಅರ್ಜಿಯಲ್ಲೇ ಇರಲಿ.

ಜಿಎಸ್‌ಟಿ ವಿನಾಯಿತಿ ಇರುವುದು ಕಾನೂನು ಮಾನ್ಯ ಮಾಡಿದ ಅರ್ಹತೆಗೆ ಕೊಂಡೊಯ್ಯುವ ಪಠ್ಯಕ್ರಮದ ಭಾಗವಾದ ಶಿಕ್ಷಣಕ್ಕೆ, 2017ರ 12ನೇ ಅಧಿಸೂಚನೆಯ ಪ್ರಕಾರ. ಹೊರಗಿನವರಿಂದ ಶುಲ್ಕ ಪಡೆದು ನಡೆಸುವ ಸ್ವತಂತ್ರ ಕೋರ್ಸು ಆ ವ್ಯಾಖ್ಯೆಯೊಳಗೆ ಬರುವುದು ಕಷ್ಟ, ಹಾಗಾದಾಗ ಶೇ. 18. 1,800ಕ್ಕೆ 324 ಸೇರಿ 2,124. ‘ನಮ್ಮ ಕೋರ್ಸಿನ ಆದಾಯ 20 ಲಕ್ಷ ಎಲ್ಲಿ ದಾಟ್ತದೆ’ ಅಂತ ಕೇಳಬೇಡಿ. ವಹಿವಾಟನ್ನು ಎಣಿಸುವುದು ಒಂದೊಂದು ಕೋರ್ಸಿಗೆ ಅಲ್ಲ, ಒಂದೇ ಪ್ಯಾನ್‌ನಡಿ ಬರುವ ಎಲ್ಲಕ್ಕೂ ಸೇರಿಸಿ. ಕರಪತ್ರಕ್ಕೆ ಮೊದಲು ಸಂಸ್ಥೆಯ ಲೆಕ್ಕ ಪರಿಶೋಧಕರಿಂದ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ಮತ್ತೆ ಒಂದು: ಹಣ ಬರುವುದು ಸಂಸ್ಥೆಯ ಖಾತೆಗೆ ಮಾತ್ರ. ಸಂಯೋಜಕರ ಫೋನಿನ ಕ್ಯೂಆರ್ ಕೋಡಿಗೆ ಶುಲ್ಕ ಹಾಕಿಸಿದರೆ ಮನಸ್ಸು ಎಷ್ಟೇ ಶುದ್ಧವಿದ್ದರೂ ಆಡಿಟ್ ಆಕ್ಷೇಪಣೆ ತಪ್ಪುವುದಿಲ್ಲ.

ಪ್ರಶ್ನೆ (ಕನ್ನಡ ವಿಭಾಗ, ಮಂಗಳೂರು): ಯಕ್ಷಗಾನದ ಹೆಜ್ಜೆ ಮತ್ತು ಮಾತುಗಾರಿಕೆ ಬಗ್ಗೆ ಒಂದು ಕೋರ್ಸು ಯೋಚಿಸಿದ್ದೇವೆ. ಡಿಸೆಂಬರಿನಲ್ಲಿ ಇಟ್ಟರೆ ಹೇಗೆ?

ಉತ್ತರ (ಶೈಕ್ಷಣಿಕ ವಿಭಾಗ): ಡಿಸೆಂಬರಿನಲ್ಲಿ ಕಲಾವಿದರು ಎಲ್ಲಿ ಸಿಗ್ತಾರೆ ಮಾರಾಯ್ರೆ? ಮೇಳಗಳ ತಿರುಗಾಟ ನವೆಂಬರಿನಲ್ಲಿ ಶುರುವಾದರೆ ಮುಗಿಯುವುದು ಮೇ ಕೊನೆಯ ಪತ್ತನಾಜೆಗೆ, ಅಂದರೆ ತುಳುನಾಡಿನಲ್ಲಿ ಆಟ, ಉತ್ಸವಗಳ ಋತು ಮುಗಿಯುವ ದಿನಕ್ಕೆ. ರಾತ್ರಿಯಿಡೀ ಕುಣಿದವರನ್ನು ಬೆಳಿಗ್ಗೆ ಹತ್ತಕ್ಕೆ ತರಗತಿಗೆ ಕರೆಯುವುದು ಅವರಿಗೂ ಅನ್ಯಾಯ, ಕಲಿಯುವವರಿಗೂ ಅನ್ಯಾಯ. ಜೂನ್‌ನಿಂದ ಅಕ್ಟೋಬರ್ ಒಳಗೆ ಇಡಿ. ಮಲ್ಪೆ, ಬಂದರಿನ ಬೋಟಿನವರಿಗೆ ಮೀನಿನ ಶುಚಿತ್ವವೋ ಎಂಜಿನ್ ನಿರ್ವಹಣೆಯೋ ಕಲಿಸುವುದಾದರೂ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ 61 ದಿನವೇ ಸರಿಯಾದ ಕಾಲ. ನಮ್ಮ ಸೆಮಿಸ್ಟರಿನ ಅನುಕೂಲ ನೋಡಿ ದಿನ ಹಾಕಿದ ಕೋರ್ಸಿಗೆ ಹೊರಗಿನವರು ಬರುವುದಿಲ್ಲ.

ಇನ್ನೊಂದು ವಿಷಯ. ಅರ್ಹತೆಯಲ್ಲಿ ‘ಪದವೀಧರರು’ ಎಂದು ಅಭ್ಯಾಸಬಲದಿಂದ ಬರೆಯಬೇಡಿ. ಕಲಿಸುವ ಹಿರಿಯ ಕಲಾವಿದರಿಗೇ ಪದವಿ ಇಲ್ಲದಿರಬಹುದು. ಅವರಿಗೆ ಸಂಭಾವನೆ ಕೊಡುವಾಗ ‘ಸ್ನಾತಕೋತ್ತರ ಪದವಿ ಇದ್ದವರಿಗೆ ಮಾತ್ರ’ ಎಂಬ ದರಪಟ್ಟಿ ಅಡ್ಡ ಬರುತ್ತದೆ. ‘ಕ್ಷೇತ್ರದ ತಜ್ಞರು’ ಎಂಬ ವರ್ಗವನ್ನು ಪ್ರಸ್ತಾವನೆಯಲ್ಲೇ ಸೇರಿಸಿ ಅನುಮೋದನೆ ಪಡೆಯಿರಿ.

ಪ್ರಶ್ನೆ (ಐಕ್ಯೂಎಸಿ ಸಂಯೋಜಕರು, ಕುಂದಾಪುರ): ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ತೋರಿಸಲು ಎಂತ ಬೇಕು? 20 ಗಂಟೆಯದ್ದು ಆಗ್ತದಾ? ಮುಂದೆ ಇದನ್ನೇ ಕ್ರೆಡಿಟ್ ಮಾಡಬಹುದಾ?

ಉತ್ತರ: ಮೌಲ್ಯವರ್ಧಿತ ಕೋರ್ಸು ಅಂತ ನ್ಯಾಕ್ ಕೈಪಿಡಿಗಳು ಎಣಿಸಿದ್ದು 30 ಗಂಟೆ ಮತ್ತು ಮೇಲ್ಪಟ್ಟದ್ದನ್ನು. 20 ಗಂಟೆಯ ಕೋರ್ಸು ಒಳ್ಳೆಯದಾಗಿದ್ದರೆ ಖಂಡಿತ ನಡೆಸಿ, ಆ ಪಟ್ಟಿಗೆ ಮಾತ್ರ ಹಾಕಬೇಡಿ. ಒಂದೇ ಕೋರ್ಸನ್ನು ವರ್ಷಕ್ಕೆ ಮೂರು ಸಲ ನಡೆಸಿದರೂ ಲೆಕ್ಕಕ್ಕೆ ಒಂದೇ. ಪಠ್ಯಕ್ರಮ, ಕರಪತ್ರ, ದಾಖಲಾದವರ ಪಟ್ಟಿ, ಹಾಜರಾತಿ, ಮಾದರಿ ಸರ್ಟಿಫಿಕೇಟು ಇವುಗಳ ದಿನಾಂಕಗಳು ಒಂದಕ್ಕೊಂದು ಹೊಂದಬೇಕು. ಅನುಮೋದನೆಗಿಂತ ಹಿಂದಿನ ದಿನಾಂಕದ ಹಾಜರಾತಿ ಪುಸ್ತಕ ಇದ್ದರೆ ಅದೊಂದೇ ಸಾಕು ಇಡೀ ಕಡತದ ಮೇಲೆ ಸಂಶಯ ಬರಲು.

ಕ್ರೆಡಿಟ್ ವಿಷಯ: 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಕಲಿಕಾ ಗಂಟೆಗೆ ಒಂದು ಕ್ರೆಡಿಟ್. ಹಾಗಂತ ಸರ್ಟಿಫಿಕೇಟಿನಲ್ಲಿ ‘1 ಕ್ರೆಡಿಟ್‌ಗೆ ಸಮಾನ’ ಎಂದು ನೀವೇ ಬರೆದುಕೊಳ್ಳುವ ಹಾಗಿಲ್ಲ. ಮೌಲ್ಯಮಾಪನ ಆಗದ ಗಂಟೆಗೆ ಕ್ರೆಡಿಟ್ ಇಲ್ಲ, ಮಂಡಳಿಗಳು ಒಪ್ಪದ ಕ್ರೆಡಿಟನ್ನು ವಿದ್ಯಾರ್ಥಿಯ ಎಬಿಸಿ (ಕ್ರೆಡಿಟ್ ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್) ಖಾತೆಗೆ ಹಾಕಲೂ ಬರುವುದಿಲ್ಲ. ಮುಂದೆ ಪರಿವರ್ತಿಸುವ ಯೋಚನೆ ಇದ್ದರೆ ಈಗಲೇ ಪ್ರಾಯೋಗಿಕ ಪರೀಕ್ಷೆಯ ಅಂಕಪಟ್ಟಿ, ಪರೀಕ್ಷಕರ ಸಹಿ ಎಲ್ಲ ಕಾಪಾಡಿ.

ಪ್ರಶ್ನೆ (ಅದೇ ಸಂಯೋಜಕರು): ಒಂದು ಖಾಸಗಿ ತರಬೇತಿ ಕಂಪನಿ ಬಂದಿದೆ. ಪಾಠ, ಪರೀಕ್ಷೆ ಎಲ್ಲ ಅವರದ್ದು, ಸರ್ಟಿಫಿಕೇಟಿನಲ್ಲಿ ನಮ್ಮ ಹೆಸರು ಮಾತ್ರ ಬೇಕಂತೆ. ಒಪ್ಪಬಹುದಾ?

ಉತ್ತರ: ಒಪ್ಪಬೇಡಿ. ಪಾಠವೂ ನಿಮ್ಮದಲ್ಲ, ಪರೀಕ್ಷೆಯೂ ನಿಮ್ಮದಲ್ಲ ಎಂದ ಮೇಲೆ ಹೆಸರನ್ನು ಬಾಡಿಗೆಗೆ ಕೊಟ್ಟ ಹಾಗೆ. ಪಠ್ಯಕ್ರಮ ನಿಮ್ಮ ಮಂಡಳಿ ಒಪ್ಪಿದ್ದು, ಪರೀಕ್ಷಕರಲ್ಲಿ ಒಬ್ಬರಾದರೂ ನಿಮ್ಮವರು, ಶುಲ್ಕ ನಿಮ್ಮ ಖಾತೆಗೆ, ವಿದ್ಯಾರ್ಥಿಗಳ ಫೋನ್ ನಂಬರು ಬೇರೆಯವರಿಗೆ ಹೋಗಬಾರದು: ಈ ನಾಲ್ಕಕ್ಕೆ ಒಡಂಬಡಿಕೆ ಪತ್ರದಲ್ಲಿ ಸಹಿ ಹಾಕಲು ಅವರು ತಯಾರಿದ್ದರೆ ಮಾತು ಮುಂದುವರಿಸಿ.

ಪ್ರಶ್ನೆ (ಸಸ್ಯಶಾಸ್ತ್ರ ಉಪನ್ಯಾಸಕಿ): ತುಂಬ ಉಪಕಾರ ಆಯ್ತು ಸರ್. ಸರ್ಟಿಫಿಕೇಟಿನಲ್ಲಿ ಎಂತ ಬರೆಯುವುದು ಅಂತ ಒಂದು ಹೇಳಿಬಿಡಿ.

ಉತ್ತರ: ಹೆಸರು, ಕೋರ್ಸು, ಆರಂಭ ಮತ್ತು ಮುಕ್ತಾಯದ ದಿನಾಂಕ, ‘30 ಗಂಟೆ, ಕ್ರೆಡಿಟ್ ರಹಿತ’ ಎಂಬ ಸ್ಪಷ್ಟ ಸಾಲು, ಕ್ರಮಸಂಖ್ಯೆ, ಎರಡು ಸಹಿ. ಎಂಟು ತರಗತಿಗೆ ಬಂದು ಪರೀಕ್ಷೆ ಪಾಸಾದವರಿಗೆ ‘ಯಶಸ್ವಿಯಾಗಿ ಪೂರ್ಣಗೊಳಿಸಿದ್ದಾರೆ’, ಬಂದು ಪರೀಕ್ಷೆ ಬರೆಯದವರಿಗೆ ‘ಭಾಗವಹಿಸಿದ್ದಾರೆ’. ಎರಡನ್ನೂ ಬೇರೆ ಬೇರೆ ನಮೂನೆಯಲ್ಲಿ ಅಚ್ಚು ಹಾಕಿಸಿ. ಕೊಟ್ಟ ಪ್ರತಿಯೊಂದು ಪತ್ರದ ಸಂಖ್ಯೆಯೂ ಒಂದು ರಿಜಿಸ್ಟರಿನಲ್ಲಿ ಪಡೆದವರ ಸಹಿಯೊಂದಿಗೆ ಇರಲಿ. ಐದು ವರ್ಷ ಕಳೆದು ಬ್ಯಾಂಕಿನವರು ನರ್ಸರಿ ಸಾಲಕ್ಕೆಂದು ಪರಿಶೀಲನೆ ಕೇಳಿದಾಗ ಸಂಯೋಜಕರು ವರ್ಗವಾಗಿರಬಹುದು, ರಿಜಿಸ್ಟರು ಕಚೇರಿಯಲ್ಲೇ ಇರುತ್ತದೆ.