ಕಿಸೆ ಕಿಟ್‌ನಲ್ಲಿ ಫಾಯಿಲ್: ಮಡಚಿದ ಕಡೆಯೆಲ್ಲ ತೂತು

ಪ್ರಶ್ನೆ, ವಿಜಯನಗರದಿಂದ:
ಚಾರಣಕ್ಕೆ ಹೋಗುವಾಗ ಜೇಬಲ್ಲಿ ಕಿಸೆ ಕಿಟ್, ಅಂದ್ರೆ ಆಪತ್ತಿಗೆ ಬೇಕಾಗೋ ಸಾಮಾನಿನ ಒಂದು ಪುಟ್ಟ ತಗಡಿನ ಡಬ್ಬಿ ಇಟ್ಕೊಂಡಿರ್ತೀನಿ. ಅದರಲ್ಲಿ ಚಪಾತಿ ಸುತ್ತೋ ಫಾಯಿಲನ್ನ ಎಂಟು ಮಡಿಕೆ ಮಾಡಿಟ್ಟಿದ್ದೆ. ನಿನ್ನೆ ತಾರಸಿಯಲ್ಲಿ ಬಿಡಿಸಿ, ಬಟ್ಟಲು ಮಾಡಿ ನೀರು ಹುಯ್ದರೆ ಮಡಿಕೆ ಕೂಡೋ ಮೂಲೆಗಳಿಂದ ತೊಟ್ಟಿಕ್ಕೋಕೆ ಶುರುವಾಯ್ತು. ಕಾಡಲ್ಲಿ ನೀರು ಕುದಿಸೋಕೆ ಇದನ್ನ ನಂಬಬಹುದಾ?

ಉತ್ತರ, ಮಲ್ಲೇಶ್ವರದಿಂದ:
ನಂಬಬಹುದು, ಆದರೆ ಮಡಚಬೇಡಿ, ಸುತ್ತಿಡಿ. ನಾನು ಮೇಣದಬತ್ತಿ ತುಂಡಿಗೆ ಸಡಿಲವಾಗಿ ಸುತ್ತಿಡ್ತೀನಿ, ಗೆರೆಯೇ ಬೀಳಲ್ಲ. ದಪ್ಪ ಫಾಯಿಲೇ ತಗೊಳ್ಳಿ, ಬಟ್ಟಲಿಗೆ ಎರಡು ಪದರ ಹಾಕಿ. ಉರಿಗೆ ಹಿಡಿಯದೆ ಕೆಂಡದ ಮೇಲಿಡಿ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ. ಒಳಗೆ ನೀರಿರೋವರೆಗೂ ತಳ ಅಷ್ಟು ಕಾಯಲ್ಲ. ನೀರು ತಾಗದ ಮೇಲಿನ ಅಂಚೇ ಮೊದಲು ಸುಟ್ಟು ಹಾಳಾಗೋದು. ಕೊತಕೊತ ಕುದಿ ಬಂದಮೇಲೆ 1 ನಿಮಿಷ ಬಿಡಿ.

ನಮ್ಮ ಘಟ್ಟದ ಮಳೆಗೆ ಇನ್ನೊಂದು ಉಪಯೋಗವೂ ಇದೆ. ಒದ್ದೆ ನೆಲದ ಮೇಲೆ ಫಾಯಿಲ್ ಹಾಸಿ, ಅದರ ಮೇಲೆ ಪುಳ್ಳೆ ಜೋಡಿಸಿದರೆ ಬೆಂಕಿ ಬೇಗ ಹತ್ತುತ್ತೆ.

ಉತ್ತರ, ಬಸವನಗುಡಿಯಿಂದ:
ದಯವಿಟ್ಟು ಒಂದು ಮಾತು: ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು ಅಪರಾಧ. ಪ್ರಾಣಕ್ಕೆ ಬಂದಾಗ ಮಾತ್ರ. ಫಾಯಿಲ್ ಅಲ್ಲೇ ಬಿಸಾಡಬೇಡಿ, ವಾಪಸ್ ತನ್ನಿ.

ಪ್ರಶ್ನೆ ಕೇಳಿದವರು:
ಸುತ್ತಿಟ್ಟು ನೋಡಿದೆ. ಅರ್ಧ ಗಂಟೆಯಾದ್ರೂ ಒಂದು ಹನಿ ಸೋರಿಲ್ಲ. ತುಂಬಾ ಥ್ಯಾಂಕ್ಸ್ ಸಾರ್.