ಅಪ್‌ಡೇಟ್: ಪಟ್ಟೆ ತೋರಿಸುತ್ತಿದ್ದ ಸ್ಪೆಕ್ಟ್ರಮ್ ಸರಿಹೋಯಿತು

ಆನ್ ಮಾಡಿದೊಡನೆ ಪರದೆಯ ತುಂಬ ಬರೀ ಪಟ್ಟೆಗಳನ್ನು ತೋರಿಸುತ್ತಿದ್ದ ನನ್ನ 48ಕೆ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ (1980ರ ದಶಕದ ಮನೆಬಳಕೆಯ ಕಂಪ್ಯೂಟರ್) ಪರಿಹಾರ ಕೇಳಿದ್ದೆನಲ್ಲ, ಅದು ಈಗ ಚೆನ್ನಾಗಿ ಓಡುತ್ತಿದೆ. ಪರದೆಯ ಚಿತ್ರ ಮೂಡಿಸುವ ಯುಎಲ್‌ಎ ಚಿಪ್ ಬದಲಿಸಿದ್ದರಿಂದಾಗಲಿ, ಹೊಸ ಕೆಪಾಸಿಟರ್‌ಗಳಿಂದಾಗಲಿ ಪ್ರಯೋಜನವಾಗಲಿಲ್ಲ. ಕೈಹಿಡಿದದ್ದು, ಮೆಮೊರಿಯ ಮೊದಲ 16ಕೆ ರ‍್ಯಾಮ್‌ಗೆ ಬರುವ ವೋಲ್ಟೇಜನ್ನು ಮೊದಲು ಅಳೆಯಿರಿ ಎಂಬ ಸಲಹೆ. ಅಲ್ಲಿರುವ 4116 ಚಿಪ್‌ಗಳಿಗೆ +5, +12 ಮತ್ತು -5 ವೋಲ್ಟ್ ಮೂರೂ ಬೇಕು. ಮಲ್ಟಿಮೀಟರ್ ಇಟ್ಟು ನೋಡಿದರೆ -5 ಇರಲೇ ಇಲ್ಲ, ಅದನ್ನು ಒದಗಿಸುವ ಸರ್ಕ್ಯೂಟಿನ ಟಿಆರ್4 ಎಂಬ ಟ್ರಾನ್ಸಿಸ್ಟರ್ ಸುಟ್ಟುಹೋಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರಿಹೊಂದುವ ಟ್ರಾನ್ಸಿಸ್ಟರ್ ಸಿಕ್ಕಿತು. -5 ಇಲ್ಲದೆ ಉಳಿದೆರಡು ಮಾತ್ರ ಬಂದರೆ ರ‍್ಯಾಮ್ ಚಿಪ್‌ಗಳೇ ಹಾಳಾಗಬಹುದು ಎಂಬುದು ನನಗೆ ನಿಜಕ್ಕೂ ಹೊಸ ವಿಷಯ. ಕೆಟ್ಟಿದ್ದ ಒಂದು ಚಿಪ್ಪಿನ ಜಾಗದಲ್ಲಿ, ಬರೀ 5 ವೋಲ್ಟ್‌ನಲ್ಲಿ ನಡೆಯುವ ಹೊಸ ಮಾಡ್ಯೂಲ್ ಕೂರಿಸಿದ್ದೇನೆ. ಎಸ್‌ಡಿ ಕಾರ್ಡ್ ಓದಲು ನೆರವಾಗುವ ಡಿವ್‌ಎಂಎಂಸಿ ಎಂಬ ಸಾಧನ ಹಾಕಿದ ಮೇಲೆ, ಈಗಿನವರು ಬರೆದ ಆಟಗಳು ಎಸ್‌ಡಿ ಕಾರ್ಡಿನಿಂದ ಕ್ಷಣದಲ್ಲೇ ಲೋಡ್ ಆಗುತ್ತಿವೆ. ಸಲಹೆ ಕೊಟ್ಟವರಿಗೆಲ್ಲ ಮನಃಪೂರ್ವಕ ಧನ್ಯವಾದಗಳು.